ಉಜ್ಜಬಾರದಿದ್ದ ಹಲ್ಲು

೯ ಜೂನ್

ಮಗಳೇ,

ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮೂರನೆಯ ಸಾಲಿನಲ್ಲಿ ಸಿಡಿಲು ಬೀಳಿಸುವವರ ಪೈಕಿ ನಾನಲ್ಲ. ಸಿಡಿಲು ಮೊದಲೇ ಬೀಳಲಿ. ಚೂಟಿ ನಿನ್ನೆ ಬಿದ್ದಳು. ಮೇಲಿನ ಸಾಲಿನ ಮುಂದಿನ ಹಲ್ಲು ಒಂದು ಬೇರು ಸಮೇತ ಕಿತ್ತು ಬಂತು. ಇನ್ನು ಕ್ಷೇಮಸಮಾಚಾರ: ಹಲ್ಲು ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಿದೆ. ನಿನ್ನ ಮಗಳು ನನ್ನ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಬಾಳೆಹಣ್ಣು ಕಿವುಚಿ ಕೊಡು ಎಂದು ಕೈಸನ್ನೆಯಲ್ಲೇ ಅಪ್ಪಣೆ ಮಾಡುತ್ತಿದ್ದಾಳೆ.

ಫೋನ್ ಮಾಡಬಾರದಿತ್ತೇ ಎನ್ನುತ್ತೀಯ. ಮಾಡಿದೆ. ನೀನು ವೆಲ್ಡಿಂಗ್ ಮಾಡುವ ಸೇತುವೆಯ ಹತ್ತಿರ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಎಂದು ನೀನೇ ಹೇಳಿದ್ದೀಯ. ಸಿಕ್ಕರೂ ನಾವಿಬ್ಬರು ಮೂರನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನಡುವೆ ಬಿಡಿಸಲು ಒಬ್ಬ ಪೋಸ್ಟ್‌ಮ್ಯಾನ್ ಆದರೂ ಇರುತ್ತಾನೆ.

ನಡೆದದ್ದು ಇಷ್ಟು. ನಮ್ಮ ಅಂಗಡಿ ಮುಂದಿನ ಇಳಿಜಾರಿನಲ್ಲಿ ಅವಳು ಸ್ಕೇಟ್ ಕಟ್ಟಿಕೊಂಡು ಇಳಿದಳು. ನೀನು ಹುಟ್ಟುಹಬ್ಬಕ್ಕೆ ಕಳಿಸಿದ ಸ್ಕೇಟ್. ಚುಚ್ಚಬೇಕೆಂದು ಬರೆಯುತ್ತಿಲ್ಲ, ಆದರೆ ಚುಚ್ಚಿದರೆ ಬೇಜಾರೂ ಇಲ್ಲ. ಕೆಳಗಿನ ಮೆಟ್ಟಿಲ ಕಂಬಿಗೆ ಬಾಯಿ ಬಡಿಯಿತು. ನಾನು ಓಡಿದಾಗ ಗಲ್ಲವೆಲ್ಲ ರಕ್ತ. ಅವಳು ಅಳುತ್ತಿರಲಿಲ್ಲ, ನೆಲ ಹುಡುಕುತ್ತಿದ್ದಳು. ಹಲ್ಲು ಕಲ್ಲುಹಾಸಿನ ಸಂದಿಯಲ್ಲಿ ಮರಳಿನಲ್ಲಿ ಸಿಕ್ಕಿತು. ಹಾಲುಹಲ್ಲಾಗಿದ್ದರೆ ಚಿಂತೆ ಇರಲಿಲ್ಲ. ಒಂಬತ್ತು ತುಂಬಿದವಳು, ಇದು ಬದುಕಿಡೀ ಬಾಳಬೇಕಾದ ಹಲ್ಲು.

ನಲವತ್ತು ವರ್ಷದಿಂದ ಊರಿನವರ ಬಾಯಿಗೆ ಹಲ್ಲಿನ ಸೆಟ್ ಮಾಡಿಕೊಟ್ಟವನು ನಾನು. ನನಗೆ ಗೊತ್ತಿಲ್ಲದ ಹಲ್ಲೇ ಎಂದುಕೊಂಡು ಸೀದಾ ಕೆಲಸದ ಮೇಜಿಗೆ ತಂದೆ. ಬೇರಿಗೆ ಮರಳು ಮೆತ್ತಿತ್ತು, ಜೊತೆಗೆ ನಸುಗೆಂಪು ಪೊರೆಯಂಥದ್ದು ಅಂಟಿಕೊಂಡಿತ್ತು. ಎಲ್ಲ ಹೋಗುವ ಹಾಗೆ ಬ್ರಷ್ಷಿನಲ್ಲಿ ತಿಕ್ಕಿದೆ. ಪಾಲಿಶ್ ಚಕ್ರಕ್ಕೆ ಒದ್ದೆ ಪುಡಿ ಹಾಕಿ ಒಂದು ಸುತ್ತು ಹಿಡಿದೆ. ಚೂಟಿ ಬಾಯಿಗೆ ಟವೆಲ್ ಒತ್ತಿಕೊಂಡು, "ಅಜ್ಜ, ಹೋಗೋಣ ಬಾ" ಅಂತ ಅಂಗಿ ಎಳೆಯುತ್ತಿದ್ದಳು. "ಇರು ಮಗ, ಕೊಳೆ ಹಲ್ಲು ಇಟ್ಕೊಂಡು ಡಾಕ್ಟ್ರ ಮುಂದೆ ನಿಲ್ಲೋಕಾಗತ್ತಾ?" ಎಂದೆ. ಒಣಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೊರಟೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕಟವಾಗಿ ಯಾವ ಹಲ್ಲನ್ನೂ ಹೊಳೆಸಿದವನಲ್ಲ.

ಡಾಕ್ಟರಮ್ಮ ನಮ್ಮವರೇ. ಅವರ ಕ್ಲಿನಿಕ್ಕಿನ ಸೆಟ್‌ಗಳೆಲ್ಲ ನನ್ನ ಮೇಜಿನ ಮೇಲೇ ಆಗುವುದು. ಬಟ್ಟೆ ಬಿಚ್ಚಿ ನೋಡಿ, "ಇದನ್ನ ಏನು ಮಾಡಿದ್ರಿ?" ಎಂದರು. ಕ್ಲೀನ್ ಮಾಡಿದೆ ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿ, "ಮಗು ಕೈ ಹಿಡ್ಕೊಳ್ಳಿ" ಎಂದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹಲ್ಲನ್ನು ಒಳಗೆ ಕೂರಿಸಿ, ಪಕ್ಕದ ಹಲ್ಲುಗಳಿಗೆ ಕೂದಲಿನಂಥ ತಂತಿ ಅಂಟಿಸಿದರು. ಎರಡು ವಾರ ತಂತಿ, ಮೆತ್ತಗಿನ ಊಟ, ಮಾತ್ರೆ. ಯಾಕೋ ಅವರು ಹೆಚ್ಚು ಮಾತಾಡಲಿಲ್ಲ. ಕೆಲಸದ ಹೊತ್ತಿನಲ್ಲಿ ನಾನೂ ಮಾತಾಡುವುದಿಲ್ಲ.

ವರ್ಷದ ಕೊನೆಗೆ ಅಂಗಡಿ ಮುಚ್ಚುವವನು, ಕಡೆಗಾಲಕ್ಕೆ ಒಂದು ನಿಜವಾದ ಹಲ್ಲನ್ನೂ ನೋಡಿಕೊಂಡ ಹಾಗಾಯಿತು. ಪಾಲಿಶ್ ಯಂತ್ರಕ್ಕೆ ಗಿರಾಕಿ ಸಿಕ್ಕಿದ್ದಾನೆ. ನೀನು ಗಾಬರಿಯಾಗಬೇಡ.

ನಿನ್ನ ಅಪ್ಪ


೧೭ ಜೂನ್

ಅಪ್ಪ,

ನಿನ್ನ ಕಾಗದವನ್ನು ಸೈಟಿನ ನರ್ಸಮ್ಮನಿಗೆ ಓದಲು ಕೊಟ್ಟೆ. ಹಲ್ಲು ಕೂರಿಸಿದ್ದಾರಲ್ಲ, ಇನ್ನೇನಾದರೂ ನೋಡಿಕೊಳ್ಳಬೇಕೇ ಎಂದು ಕೇಳಲು. 'ಪಾಲಿಶ್' ಎಂಬಲ್ಲಿಗೆ ಬಂದಾಗ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮಪ್ಪ ನಿಜವಾಗ್ಲೂ ಹೀಗೆ ಮಾಡಿದ್ರಾ?" ಎಂದಳು.

ಆ ನಸುಗೆಂಪು ಪೊರೆ ಕೊಳೆಯಲ್ಲ ಅಪ್ಪ. ಹಲ್ಲನ್ನು ಮೂಳೆಗೆ ಹಿಡಿದಿಡುವುದು ಅದೇ. ಅದಕ್ಕೆ ಜೀವ ಇರುತ್ತದೆ. ಹಲ್ಲು ಹೊರಗೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಬಿಳಿ ಕಡೆ ಹಿಡಿದುಕೊಂಡು, ಮಣ್ಣು ಇದ್ದರೆ ಒಂದು ಸಲ ತಣ್ಣೀರು ಹರಿಸಿ, ಅಲ್ಲೇ ಆ ಕ್ಷಣವೇ ಅದರ ಗುಳಿಯಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿಕೊಂಡು ಡಾಕ್ಟರ ಹತ್ತಿರ ಓಡಬೇಕಿತ್ತು. ಧೈರ್ಯವಿಲ್ಲದಿದ್ದರೆ ಒಂದು ಲೋಟ ಹಾಲಿಗೆ ಹಾಕಿಕೊಂಡು ಓಡಬೇಕಿತ್ತು. ಬೇರನ್ನು ಮುಟ್ಟಬಾರದು, ತಿಕ್ಕಬಾರದು, ಒಣಗಲು ಬಿಡಬಾರದು. ನೀನು ಮೂರನ್ನೂ ಮಾಡಿದೆ. ಬೇರೆ ಯಾವ ಅಜ್ಜನಾದರೂ ಗಾಬರಿಯಲ್ಲಿ ಹಾಗೇ ಎತ್ತಿಕೊಂಡು ಓಡುತ್ತಿದ್ದ. ನಿನಗೆ ಹಲ್ಲಿನ ಕೆಲಸ ಗೊತ್ತಲ್ಲ, ಅದಕ್ಕೇ ಕೂತು ಉಜ್ಜಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ತಂತಿಯ ವಿಷಯಕ್ಕೂ ನಾನು ನರ್ಸಮ್ಮನ ಹತ್ತಿರ ಮಂಗಳಾರತಿ ಮಾಡಿಸಿಕೊಂಡೆ. ಕೂದಲಿನಂಥ ತಂತಿ ಏನು ಹಿಡಿಯುತ್ತದೆ, ಬಿಗಿಯಾಗಿ ಬೆಸೆಯಬೇಕಲ್ಲವೇ ಎಂದೆ. ಹಲ್ಲು ಚೂರು ಅಲ್ಲಾಡುತ್ತಿರಬೇಕಂತೆ, ಬಿಗಿದರೆ ಕೆಡುತ್ತದಂತೆ. ಇರಲಿ, ನಾನು ಕೇಳಿ ತಿಳಿದುಕೊಂಡೆ. ನೀನು ಕೇಳಲಿಲ್ಲ.

ಚೂಟಿಯ ಅಪ್ಪ ನಮ್ಮನ್ನು ಬಿಟ್ಟುಹೋದಾಗ ಒಂದು ಮಾತೂ ಆಡದೆ ಅವಳನ್ನು ನೀನು ಇಟ್ಟುಕೊಂಡೆ. ಅದನ್ನು ಮರೆತಿಲ್ಲ. ಆದರೆ ಇಲ್ಲಿಗೆ ಹತ್ತಿರದಲ್ಲಿ ಒಂದು ಹಾಸ್ಟೆಲ್ ಶಾಲೆ ಇದೆ, ವಾರಕ್ಕೊಮ್ಮೆ ನಾನು ನೋಡಬಹುದು. ಅಕ್ಟೋಬರ್ ರಜೆಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಮಗಳು


೨೫ ಜೂನ್

ಮಗಳೇ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಹೌದಾ ಎಂದು ಕೇಳಿದೆ. ಹೌದು ಎಂದರು. ಅವತ್ತೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನಿಮ್ಮ ಕೈ ನಡುಗ್ತಿತ್ತು ಯಜಮಾನ್ರೇ. ಮಗು ಆ ಕೈಯನ್ನೇ ಹಿಡ್ಕೊಂಡಿತ್ತು."

ಮನೆಗೆ ಬಂದು ಮೇಜಿನ ಮುಂದೆ ಕೂತೆ, ಆ ದಿನ ಏನೂ ಕೆಲಸ ಮಾಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಿನ್ನ ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು. ನನ್ನ ಮೇಜಿಗೆ ಬರುವ ಹಲ್ಲು ಯಾವುದೂ ಬದುಕಿರುವುದಿಲ್ಲ. ಇದು ಬದುಕಿತ್ತು. ನನಗೆ ಅದು ಹೊಳೆಯಲೇ ಇಲ್ಲ. ತುಂಬ ನೋವಾಗಿದೆ, ಅಷ್ಟು ಬರೆದು ಮುಂದಕ್ಕೆ ಹೋಗುತ್ತೇನೆ. ಅತ್ತುಕೊಂಡು ಕೂತರೆ ಅವಳ ಹಲ್ಲಿಗೆ ಏನೂ ಲಾಭವಿಲ್ಲ.

ತಂತಿ ತೆಗೆದರು. ಹಲ್ಲು ಅಲ್ಲಾಡುತ್ತಿಲ್ಲ. ಒಳ್ಳೆಯದಲ್ಲವೇ ಎಂದರೆ ಡಾಕ್ಟರಮ್ಮ, "ನೋಡೋಣ" ಎಂದರು. ತಿಂಗಳು ತಿಂಗಳು ತೋರಿಸಬೇಕು. ಕೆಲವು ತಿಂಗಳು ಕಳೆಯದೆ ಅದರ ಹಣೆಬರಹ ತಿಳಿಯುವುದಿಲ್ಲವಂತೆ.

ಚೂಟಿಗೆ ನಾನೇ ಹೇಳಿದೆ, ಅಜ್ಜ ಉಜ್ಜಬಾರದಿತ್ತು ಅಂತ. "ನಾನು ಹೋಗೋಣ ಬಾ ಅಂದೆ ಅಲ್ವಾ" ಎಂದಳು. ಆಮೇಲೆ ಹೋಮ್‌ವರ್ಕ್ ಮಾಡಿದಳು.

ಒಂದು ನಿಶ್ಚಯ ಮಾಡಿದ್ದೇನೆ. ಅವಳ ಶಾಲೆಯಲ್ಲಿ ಇನ್ನೊಂದು ಮಗುವಿನ ಹಲ್ಲು ಹೀಗೆ ದೊಡ್ಡವರ ಕೈಯಲ್ಲಿ ಸಾಯಬಾರದು. ಏನು ಮಾಡುತ್ತೇನೆ ಎಂದು ಮಾಡಿದ ಮೇಲೆ ಬರೆಯುತ್ತೇನೆ. ಹಾಸ್ಟೆಲ್ ವಿಷಯಕ್ಕೆ ಈಗ ಉತ್ತರ ಹೇಳುವ ಮುಖ ನನಗಿಲ್ಲ.

ಅಪ್ಪ


೪ ಆಗಸ್ಟ್

ಮಗಳೇ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಚೂಟಿಗೆ ಮಾತ್ರ ಎರಡು ಸಾಲಿನ ಕಾರ್ಡ್ ಬಂತು, ನನಗೆ ನಮಸ್ಕಾರ ಕೂಡ ಇರಲಿಲ್ಲ. ಸಿಟ್ಟಿರಲಿ. ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ.

ಶಾಲೆಗೆ ಹೋದೆ. ಹೆಡ್‌ಮಿಸ್ ಮೊದಲ ಸಲ ಐದು ನಿಮಿಷವೂ ಕೂರಿಸಲಿಲ್ಲ. "ಹಲ್ಲಿಗೆ ಪೆಟ್ಟಾದ್ರೆ ಮನೆಯವ್ರಿಗೆ ಫೋನ್ ಮಾಡ್ತೀವಿ. ಅದೇ ನಮ್ಮ ನಿಯಮ."

"ಮನೆಯವ್ರು ಬರೋವರೆಗೂ ಹಲ್ಲು ಎಲ್ಲಿರತ್ತೆ?" ಎಂದೆ.

ಅವರು ಡ್ರಾಯರ್ ಎಳೆದು ಕಾಗದದ ಕರವಸ್ತ್ರದ ಪ್ಯಾಕೆಟ್ ತೋರಿಸಿದರು. ಇದರಲ್ಲಿ ಸುತ್ತಿ ಇಡ್ತೀವಿ ಎಂದರು. ಅವತ್ತು ನನ್ನ ಜೇಬಿನಲ್ಲಿದ್ದ ಒಣಬಟ್ಟೆ ನೆನಪಾಯಿತು. ಹೇಳಿಕೊಡುತ್ತೇನೆ ಎಂದರೆ, "ನೀವು ಡಾಕ್ಟ್ರಾ?" ಎಂದರು. "ಅಲ್ಲಮ್ಮ. ಮೊಮ್ಮಗಳ ಹಲ್ಲು ಹಾಳು ಮಾಡಿದವನು" ಎಂದೆ. ಅದಕ್ಕೆ ಅವರ ಹತ್ತಿರ ನಿಯಮವಿರಲಿಲ್ಲ. ಆದರೂ ಒಪ್ಪಲಿಲ್ಲ. ಮೂರು ಸಲ ಅಲೆದೆ. ನಾಲ್ಕನೆಯ ಸಲ ಡಾಕ್ಟರಮ್ಮನನ್ನೇ ಕರೆದುಕೊಂಡು ಹೋದೆ. ಅವರು ಮಾತಾಡುವುದು, ನಾನು ತೋರಿಸುವುದು ಎಂದು ಒಪ್ಪಂದವಾಯಿತು.

ತೋರಿಸುವುದಕ್ಕೆ ಒಂದು ವಸ್ತು ಮಾಡಿದ್ದೇನೆ. ಕೆಲಸಕ್ಕೆ ಬಾರದ ಹಳೆಯ ಅಚ್ಚುಗಳಿಂದ ಪ್ಲಾಸ್ಟರಿನ ದವಡೆ, ಮಗುವಿನ ಅಳತೆಯದು. ಅದರ ಮುಂದಿನ ಹಲ್ಲು ಒಂದು ಬಿಡಿಯಾಗಿ ಹೊರಗೆ ಬರುತ್ತದೆ. ಬೇರಿಗೆ ನಸುಗೆಂಪು ಬಣ್ಣ ಹಚ್ಚಿದ್ದೇನೆ. ದವಡೆಯನ್ನು ಬೀಳಿಸುವುದು, ಹಲ್ಲು ಹಾರುತ್ತದೆ, ಹುಡುಕಿ ಬಿಳಿ ಕಡೆ ಹಿಡಿದು ಸರಿಯಾದ ಮುಖವಾಗಿ ಒಳಗೆ ಕೂರಿಸುವುದು. ಮಕ್ಕಳು ನುಗ್ಗಾಡಿಬಿಟ್ಟರು. ಚೂಟಿ ಡ್ರಿಲ್ ಮೇಷ್ಟ್ರ ಸೀಟಿ ಕಿತ್ತುಕೊಂಡು ತೀರ್ಪು ಕೊಡಲು ನಿಂತಳು. ಯಾರ ಬೆರಳು ಕೆಂಪು ಕಡೆ ತಗುಲಿದರೂ ಸೀಟಿ ಊದಿ "ಔಟ್" ಎನ್ನುವುದು. ಮೊದಲು ಔಟ್ ಆದವರು ಡ್ರಿಲ್ ಮೇಷ್ಟ್ರೇ. ಇದೆಲ್ಲ ಮಕ್ಕಳಾಟ ಎಂದು ನಗುತ್ತ ಬಂದವರು, ಹಲ್ಲನ್ನು ಬೇರು ಹಿಡಿದೆತ್ತಿ ಪ್ಯಾಂಟಿಗೆ ಒರೆಸಿದರು. ಎರಡನೆಯ ಸಲವೂ ಔಟ್. ಮೂರನೆಯ ಸಲ ಮುಖ ಗಂಭೀರವಾಯಿತು.

ಡಾಕ್ಟರಮ್ಮ ಉಳಿದದ್ದನ್ನು ಹೇಳಿದರು. ಹಾಲುಹಲ್ಲು ಬಿದ್ದರೆ ವಾಪಸ್ಸು ತುರುಕಬೇಡಿ, ಕೆಳಗಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಚೂರು ಮುರಿದರೆ ಚೂರನ್ನೂ ಹಾಲಿನಲ್ಲಿ ತನ್ನಿ, ಅಂಟಿಸಲು ಬರುತ್ತದೆ. ನೋವಿನ ಮಾತ್ರೆಯನ್ನು ವಸಡಿಗೆ ಒತ್ತಬೇಡಿ, ಸುಡುತ್ತದೆ. ಕೆನ್ನೆ ಊದಿ ಜ್ವರ ಬಂದರೆ ಬೆಳಿಗ್ಗೆ ನೋಡೋಣ ಎನ್ನದೆ ಆಸ್ಪತ್ರೆಗೆ ಹೊರಡಿ. ಒಂದು ಪುಟಾಣಿ ಕೈಯೆತ್ತಿ, "ಹಲ್ಲನ್ನ ಬಾಯಿಗೆ ಹಾಕ್ಕೊಂಡಾಗ ನುಂಗಿಬಿಟ್ರೆ?" ಎಂದಿತು. "ಸಣ್ಣವ್ರಿಗೆ ಅದಕ್ಕೇ ಹಾಲು" ಎಂದರು.

ಈಗ ಶಾಲೆಯ ಅಡುಗೆಮನೆಯ ಫ್ರಿಜ್ಜಿನಲ್ಲಿ ಯಾವಾಗಲೂ ಒಂದು ಪ್ಯಾಕೆಟ್ ಹಾಲು ಇರಬೇಕು, ಯಾರೂ ಟೀಗೆ ಬಳಸುವ ಹಾಗಿಲ್ಲ. ಹೆಡ್‌ಮಿಸ್‌ದೇ ಆಜ್ಞೆ.

ನೀನು ಊಟ ಮಾಡುತ್ತೀಯ ತಾನೇ? ಕಾರ್ಡಿನಲ್ಲಿ ನಿನ್ನ ಅಕ್ಷರ ಬಡವಾಗಿತ್ತು.

ಅಪ್ಪ


೨೨ ಆಗಸ್ಟ್

ಅಪ್ಪ,

ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿತು. ಅಕ್ಟೋಬರ್ ಇಪ್ಪತ್ತಮೂರಕ್ಕೆ ಬರುತ್ತೇನೆ, ಎರಡು ದಿನ ಇರುತ್ತೇನೆ. ಸ್ಕೇಟ್ ಅನ್ನು ಅಟ್ಟದ ಮೇಲೆ ಹಾಕು. ನಾನು ಕೊಟ್ಟದ್ದೇ, ಆದರೂ ಹಾಕು.

ಶಾಲೆಯಲ್ಲಿ ನೀನು ಮಾಡುತ್ತಿರುವುದು ಒಳ್ಳೆಯದೇ. ಬೇರೆಯವರ ಮಕ್ಕಳಿಗೆ ಒಳ್ಳೆಯದಾಗಲಿ. ಊಟ ಮಾಡುತ್ತಿದ್ದೇನೆ. ನಿನ್ನ ಕೆಮ್ಮು ಹೇಗಿದೆ?

ಮಗಳು


೧೦ ಅಕ್ಟೋಬರ್

ಮಗಳೇ,

ನೀನು ಬರುವ ಮೊದಲೇ ಇದು ನಿನ್ನ ಕೈ ಸೇರಬೇಕು. ಬಂದ ಮೇಲೆ ಬಾಯಿಂದ ಹೇಳಿದರೆ ನಾನು ಅರ್ಧ ಹೇಳಿ ನುಂಗುತ್ತೇನೆ.

ಮೊನ್ನೆ ಡಾಕ್ಟರಮ್ಮ ಚೂಟಿಯನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯೊಳಗೆ ನೋಡುವ ಕನ್ನಡಿಯ ಹಿಡಿಯಿಂದ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು. ಪಕ್ಕದ ಹಲ್ಲು ಮಂದವಾಗಿ ಟಪ್ ಎಂದಿತು. ಅದರ ಆಚೆಯದೂ ಟಪ್. ಆ ಹಲ್ಲು ಠಣ್ ಎಂದಿತು. ಪಿಂಗಾಣಿ ಬಟ್ಟಲಿಗೆ ಚಮಚ ತಗುಲಿದ ಹಾಗೆ. ಇನ್ನೊಂದು ಸಲ ತಟ್ಟಿದರು, ಮತ್ತೆ ಠಣ್. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನು ಮಾಡುವ ಹಲ್ಲುಗಳು ಹೀಗೆಯೇ ಸದ್ದು ಮಾಡುತ್ತವೆ.

ಆ ಪೊರೆ ಹಲ್ಲಿಗೂ ಮೂಳೆಗೂ ನಡುವೆ ಮೆತ್ತೆಯ ಹಾಗೆ ಇರಬೇಕಾದದ್ದು. ಅದಿಲ್ಲದ ಕಾರಣ ಹಲ್ಲು ಮೂಳೆಗೆ ಕಚ್ಚಿಕೊಂಡಿದೆ. ಅವಳ ದವಡೆ ಬೆಳೆಯುತ್ತದೆ, ಪಕ್ಕದ ಹಲ್ಲುಗಳು ಅದರ ಜೊತೆ ಕೆಳಗೆ ಬರುತ್ತವೆ, ಇದು ನಿಂತಲ್ಲೇ ನಿಲ್ಲುತ್ತದೆ. ಮೂಳೆ ನಿಧಾನಕ್ಕೆ ಬೇರನ್ನು ತಿನ್ನುತ್ತದೆ. ಕೆಲವು ವರ್ಷ ಬಾಳುತ್ತದೆ, ಆಮೇಲೆ ಹೋಗುತ್ತದೆ. ಆದರೂ ಕೂರಿಸಿದ್ದು ವ್ಯರ್ಥವಲ್ಲ, ಇರುವಷ್ಟು ದಿನ ಜಾಗ ಕಾಯುತ್ತದೆ ಎಂದರು ಡಾಕ್ಟರಮ್ಮ. ಹೋದ ಮೇಲೆ ತೆಗೆದು ಹಾಕಿಕೊಳ್ಳುವ ಪ್ಲೇಟಿನ ಹಲ್ಲು. ಶಾಶ್ವತವಾದದ್ದನ್ನು ಅವಳ ಬೆಳವಣಿಗೆ ನಿಂತ ಮೇಲೆ ಮಾತ್ರ ಹಾಕಬಹುದು.

"ಅಲ್ಲಿವರೆಗೂ ಒಂದೇ ಪ್ಲೇಟು ಸಾಕಾಗತ್ತಾ?" ಎಂದು ಗೊತ್ತಿದ್ದೂ ಕೇಳಿದೆ.

"ಬಾಯಿ ಬೆಳೆದ ಹಾಗೆ ಬದಲಾಯಿಸ್ತಾ ಇರ್ಬೇಕು. ಅಷ್ಟೊತ್ತಿಗೆ ನೀವು ಅಂಗಡಿ ಮುಚ್ಚಿರ್ತೀರಲ್ಲ. ಬೇರೆ ಯಾರಾದ್ರೂ ಮಾಡ್ತಾರೆ ಬಿಡಿ."

"ಬೇರೆಯವ್ರು ಯಾಕೆ ಮಾಡ್ಬೇಕು?" ಎಂದೆ.

ಯಂತ್ರದ ಗಿರಾಕಿಗೆ ಬೇರೆ ಕಡೆ ನೋಡಿಕೊ ಎಂದು ಹೇಳಿ ಕಳಿಸಿದೆ. ನನಗೀಗ ಅರವತ್ತಾರು. ಅವಳು ದೊಡ್ಡವಳಾಗುವ ಹೊತ್ತಿಗೆ ಎಪ್ಪತ್ತೈದು ದಾಟುತ್ತದೆ. ಅಲ್ಲಿವರೆಗೂ ಕಣ್ಣು ಮಂಜಾಗಬಾರದು, ಕೈ ನಡುಗಬಾರದು. ಸಿಗರೇಟು ಬಿಟ್ಟೆ. ನೀನು ಹತ್ತು ವರ್ಷ ಹೇಳಿದಾಗ ಬಿಡದವನು ಒಂದು 'ಠಣ್'ಗೆ ಬಿಟ್ಟೆ. ಕೆಮ್ಮು ಕಡಿಮೆಯಾಗಿದೆ, ಕೇಳಿದ್ದೆಯಲ್ಲ. ಬೆಳಿಗ್ಗೆ ಇಳಿಜಾರನ್ನು ಎರಡು ಸಲ ಹತ್ತಿ ಇಳಿಯುತ್ತೇನೆ, ಬೀದಿಯವರಿಗೆ ಒಳ್ಳೆಯ ತಮಾಷೆ.

ಅವಳನ್ನು ಕರೆದುಕೊಂಡು ಹೋಗು. ಬೇಡ ಎನ್ನುವುದಿಲ್ಲ. ಬಟ್ಟೆ ಮಡಿಸಿಟ್ಟಿದ್ದೇನೆ. ಹಲ್ಲಿಗೆ ಹಾಕಿಕೊಳ್ಳುವ ಒಂದು ಮೆತ್ತನೆಯ ಕವಚ ಮಾಡಿ ಡಬ್ಬಿಯಲ್ಲಿಟ್ಟಿದ್ದೇನೆ, ಆಟಕ್ಕೆ ಇಳಿಯುವಾಗ ಅದು ಬಾಯಲ್ಲಿರಬೇಕು. ಸ್ಕೇಟ್ ಅಟ್ಟದ ಮೇಲಿದೆ, ಆದರೆ ಜೀವನವಿಡೀ ಅಲ್ಲಿಡಲು ಆಗುವುದಿಲ್ಲ. ನಿನ್ನನ್ನು ವೆಲ್ಡಿಂಗ್ ಬೇಡ ಎಂದು ನಾನು ತಡೆದು ನೋಡಿದೆನಲ್ಲ, ಏನಾಯಿತು? ವರ್ಷಕ್ಕೊಮ್ಮೆ ಅಳತೆಗೆ ಅವಳನ್ನು ನನ್ನ ಹತ್ತಿರ ಕರೆತಾ. ಅದೊಂದನ್ನೇ ಕೇಳುತ್ತೇನೆ. ಆ ಹಲ್ಲು ನಾನು ಮಾಡಬೇಕು.

ಅಪ್ಪ


೨೬ ಅಕ್ಟೋಬರ್

ಅಪ್ಪ,

ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಯನ್ನು ಬೈದುಕೊ. ಚೂಟಿಗೆಂದು ತೆಗೆಸಿದ ಸೀಟಿನಲ್ಲಿ ನನ್ನ ಹೆಲ್ಮೆಟ್ ಕೂತಿದೆ.

ಬೆಳಿಗ್ಗೆ ಅವಳ ಬ್ಯಾಗನ್ನು ನಾನು ಮತ್ತೆ ಒಳಕ್ಕೆ ತಂದಿಟ್ಟಾಗ ನೀನು ಯಾಕೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ನೀನು ಟೀ ಸೋಸುತ್ತ ನಿಂತೆ, ಲೋಟ ತುಂಬಿ ಚೆಲ್ಲಿತು, ಇಬ್ಬರೂ ನೋಡಲಿಲ್ಲ ಎಂಬಂತೆ ಇದ್ದೆವು. ಬಾಯಿಬಿಟ್ಟಿದ್ದರೆ ಹೊರಡುವ ಹೊತ್ತಿನಲ್ಲಿ ಜಗಳ ಗ್ಯಾರಂಟಿ. ಈಗ ಪೋಸ್ಟ್‌ಮ್ಯಾನ್ ನಡುವೆ ಇದ್ದಾನೆ, ಹೇಳುತ್ತೇನೆ.

ನಿನ್ನೆ ಸಂಜೆ ನೀನು ಯಾರಿಗೋ ಸೆಟ್ ಕೊಟ್ಟುಬರಲು ಹೋದಾಗ ಚೂಟಿ ಆ ಪ್ಲಾಸ್ಟರಿನ ದವಡೆ ತಂದು ನನ್ನ ಮುಂದಿಟ್ಟಳು. "ಅಮ್ಮ, ನಿಂಗೂ ಬರತ್ತಾ ನೋಡೋಣ." ನನಗೆ ನಗು ಬಂತು. ಬಿಳಿ ಕಡೆ ಹಿಡಿ, ಉಜ್ಜಬೇಡ, ಒಣಗಿಸಬೇಡ ಎಂದು ಪುಟಗಟ್ಟಲೆ ಬರೆದು ನಿನ್ನ ಮುಖಕ್ಕೆ ಎಸೆದವಳು ನಾನು. ಅವಳು ದವಡೆಯನ್ನು ಮೇಜಿನಿಂದ ಬೀಳಿಸಿದಳು. ಹಲ್ಲು ನನ್ನ ಕಾಲ ಬಳಿ ಬಂದು ಬಿತ್ತು. ಎತ್ತಿಕೊಂಡೆ, ಬಿಳಿ ಕಡೆಯೇ ಹಿಡಿದೆ. ಆಮೇಲೆ ಏನು ಮಾಡಿದೆ ಗೊತ್ತಾ? ಅಂಗಿಯ ತೋಳಿಗೆ ಚೆನ್ನಾಗಿ ಒರೆಸಿದೆ. ಒರೆಸಿ, ಉಫ್ ಎಂದು ಊದಿ, ಆಮೇಲೆ ಗುಳಿಗೆ ಇಟ್ಟೆ.

ಬೆಸೆಯುವ ಮೊದಲು ಒರೆಸಿ ಊದದೆ ನಾನು ಯಾವ ಕಬ್ಬಿಣವನ್ನೂ ಮುಟ್ಟಿದವಳಲ್ಲ. ಕೈ ತನಗೆ ಗೊತ್ತಿದ್ದನ್ನು ಮಾಡಿತು. ನನ್ನನ್ನು ಕೇಳಲೂ ಇಲ್ಲ.

ಅವಳು ಸೀಟಿ ಊದಲಿಲ್ಲ. ಮೆಲ್ಲಗೆ, "ಔಟ್ ಅಮ್ಮ. ಹಲ್ಲು ಸತ್ತುಹೋಯ್ತು" ಎಂದಳು. ನಾನು ಪೆಚ್ಚಾಗಿ ಕೂತದ್ದು ನೋಡಿ ಬೆನ್ನು ತಟ್ಟಿದಳು. "ಪರವಾಗಿಲ್ಲ. ಅಜ್ಜಂಗೂ ಮೊದಲ ಸಲ ಹಂಗೇ ಆಯ್ತು. ಈಗ ನಮ್ಮ ಸ್ಕೂಲಲ್ಲಿ ಅಜ್ಜನೇ ಫಸ್ಟ್."

ಅಜ್ಜನಿಗೆ ಮೊದಲ ಸಲ ಸಿಕ್ಕಿದ್ದು ಪ್ಲಾಸ್ಟರಿನ ಹಲ್ಲಲ್ಲ, ಅದು ಅವಳಿಗೂ ಗೊತ್ತು. ಗೊತ್ತಿದ್ದೂ ಹಾಗೆ ಹೇಳಿದಳು. ನೀನು ಬಾಗಿಲು ತೆಗೆದು ಒಳಗೆ ಬಂದಾಗ ನಾನು ಏಳನೆಯ ಸಲವೋ ಎಂಟನೆಯ ಸಲವೋ ಹಲ್ಲು ಕೂರಿಸುತ್ತಿದ್ದೆ. ನೀನು ಕೈ ತೊಳೆಯಲು ಹೋದೆ.

ಸಿಟ್ಟು ಪೂರ್ತಿ ಹೋಗಿಲ್ಲ ಅಪ್ಪ. ಅವಳು ನಕ್ಕಾಗಲೆಲ್ಲ ಬರುತ್ತದೆ, ಇನ್ನೂ ಎಷ್ಟೋ ದಿನ ಬರುತ್ತದೆ. ಆದರೆ ಹಾಸ್ಟೆಲ್‌ನಲ್ಲಿ ಅವಳು ಬಿದ್ದರೆ ಎತ್ತುವವರು ಯಾರು, ಆ ಕೈಗೆ ಏನು ಗೊತ್ತಿರುತ್ತದೆ ಎಂದು ನೆನೆದೆ. ಬಿದ್ದ ಹಲ್ಲನ್ನು ಇನ್ನೆಂದೂ ಉಜ್ಜಲಾರದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನಿದ್ದರೆ ಅದು ನೀನು. ನನ್ನ ಮಗಳು ಆ ಮನೆಯಲ್ಲೇ ಇರಲಿ.

ಸ್ಕೇಟ್ ಇಳಿಸಿಕೊಡು. ಕವಚ ಹಾಕಿಕೊಳ್ಳದಿದ್ದರೆ ಮತ್ತೆ ಅಟ್ಟಕ್ಕೆ.

ನಿನ್ನ ಮಗಳು


೧೫ ಫೆಬ್ರವರಿ

ಮಗಳೇ,

ಕ್ಷೇಮ. ಈ ಸಲ ಧೈರ್ಯವಾಗಿ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಶಾಲೆಯಲ್ಲಿ ನಡೆದದ್ದನ್ನು ಆಗಲೇ ಬರೆಯಬಹುದಿತ್ತು. ಬೇಕೆಂದೇ ತಡೆದಿದ್ದೆ. ಬೆಣ್ಣೆ ಕಾಯದೆ ತುಪ್ಪವಾಯಿತು ಎನ್ನಬಾರದು. ಚೂಟಿಗಿಂತ ಒಂದು ತರಗತಿ ಮುಂದಿನ ಹುಡುಗಿ, ಬೇಕರಿಯವರ ಮಗಳು, ಆಟದ ಮೈದಾನದ ಜಾರುಬಂಡೆಯಿಂದ ಮುಗ್ಗರಿಸಿದಳು. ಮುಂದಿನ ಹಲ್ಲು, ಅದೇ ಹಲ್ಲು, ಹಾರಿತು. ಮೊದಲು ತಲುಪಿದ್ದು ಡ್ರಿಲ್ ಮೇಷ್ಟ್ರು. ಎರಡು ಸಲ ಔಟ್ ಆದವರು. ಬಿಳಿ ಕಡೆ ಹಿಡಿದರಂತೆ, ನಲ್ಲಿಯ ಕೆಳಗೆ ಒಂದು ಸಲ ನೀರು ತೋರಿಸಿದರಂತೆ, ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಒಳಗೆ ಕೂರಿಸಿ ಕರವಸ್ತ್ರ ಕಚ್ಚಿಸಿದರಂತೆ. ಆಮೇಲೆ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರಮ್ಮನ ಬಾಗಿಲು ಬಡಿದು, ಒಳಗೆ ಹೋಗಿ ಅವರೇ ತಲೆ ಸುತ್ತಿ ಬೆಂಚಿನ ಮೇಲೆ ಮಲಗಿದರಂತೆ. ಫ್ರಿಜ್ಜಿನ ಹಾಲು ಕೊನೆಗೆ ಅವರಿಗೇ ಕುಡಿಸಿದರು ಎಂದು ಚೂಟಿ ಹೇಳುತ್ತಾಳೆ. ಅದು ಅವಳು ಸೇರಿಸಿದ್ದು ಇರಬೇಕು.

ನಿನ್ನೆ ಆ ಹುಡುಗಿಯ ತಪಾಸಣೆ ಇತ್ತು. ಡಾಕ್ಟರಮ್ಮ ಹುಡುಗನೊಬ್ಬನನ್ನು ಓಡಿಸಿ ನನ್ನನ್ನು ಕರೆಸಿದರು. ಸೆಟ್ ಏನಾದರೂ ಕೈಕೊಟ್ಟಿತೇನೋ ಎಂದು ಚೂಟಿಯ ಕೈ ಹಿಡಿದುಕೊಂಡು ಹೋದೆ.

"ಯಜಮಾನ್ರೇ, ಹತ್ತಿರ ಬನ್ನಿ. ಕಿವಿ ಕೊಡಿ" ಎಂದರು.

ಕನ್ನಡಿಯ ಹಿಡಿಯಿಂದ ತಟ್ಟಿದರು. ಪಕ್ಕದ ಹಲ್ಲು ಟಪ್. ಇದೂ ಟಪ್. ಇನ್ನೊಂದು ಸಲ ಮಾಡಿ ಎಂದೆ. ಟಪ್. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. "ಇನ್ನೂ ಕಾದು ನೋಡ್ಬೇಕು. ಆದ್ರೆ ಇವತ್ತಿನವರೆಗೂ ಜೀವ ಇದೆ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಬೇಕರಿಯವರು ಹೆದರಿಕೊಂಡರು, ಮಗುವಿಗೆ ಏನೋ ಆಗಿದೆ ಎಂದುಕೊಂಡು. ಜೂನ್ ತಿಂಗಳಿನಿಂದ ತಡೆದಿದ್ದೆ, ನಿನಗೆ ಬರೆಯುವಾಗಲೂ ತಡೆದಿದ್ದೆ.

ಚೂಟಿ ತನ್ನದೂ ತಟ್ಟಿ ಎಂದು ಕುರ್ಚಿ ಹತ್ತಿದಳು. ಠಣ್ ಎಂದಿತು. ಅವಳು ಆ ಹುಡುಗಿಯ ಕಡೆ ತಿರುಗಿ, "ನೋಡಿದ್ಯಾ, ನಿಂದು ಹಾಡಲ್ಲ" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಕ್ಕಾಗ ನೋಡಿದೆ, ಚೂಟಿಯ ಆ ಹಲ್ಲು ಪಕ್ಕದ್ದಕ್ಕಿಂತ ಒಂದು ಕೂದಲೆಳೆ ಗಿಡ್ಡವಾಗಿದೆ. ಬೇರೆ ಯಾರಿಗೂ ಕಾಣದು, ನನ್ನ ಕಣ್ಣು ಬಿಡುವುದಿಲ್ಲ. ಅವಳು ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತಿಲ್ಲ. ಕಲಿಯಬಾರದು. ನಾನಿರುವುದು ಅದಕ್ಕೇ.

ಮನೆಗೆ ಬಂದು ಪ್ಲೇಟಿಗೆಂದು ಅವಳ ಬಾಯಿಯ ಮೊದಲ ಅಚ್ಚು ತೆಗೆದೆ. ಈಗಲೇ ಬೇಕಾಗಿರಲಿಲ್ಲ. ವರ್ಷಕ್ಕೊಂದು ಇಟ್ಟುಕೊಂಡರೆ ದವಡೆ ಹೇಗೆ ಬೆಳೆಯುತ್ತದೆ ಎಂದು ತಿಳಿಯುತ್ತದೆ. ಅಚ್ಚಿನ ಹಿಟ್ಟು ಬಾಯಿ ತುಂಬ ಇದ್ದಷ್ಟು ಹೊತ್ತು ಅವಳು ಸುಮ್ಮನಿದ್ದಳು, ಈ ಮನೆಯಲ್ಲಿ ಅಂಥ ಶಾಂತಿ ನೀನು ಹುಟ್ಟಿದಾಗಿನಿಂದ ಇರಲಿಲ್ಲ. ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ನಾನು ಅಂಚಿನ ಒರಟನ್ನು ಉಜ್ಜಲು ಬ್ರಷ್ ಎತ್ತಿಕೊಂಡೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅಜ್ಜ, ಇದನ್ನ ಉಜ್ಜಬಹುದಾ?"

"ಇದನ್ನ ಉಜ್ಜಬಹುದು ಮಗ" ಎಂದೆ. ಕೇಳಿಕೊಂಡು, ಕೈ ಬಿಟ್ಟಳು. ಆಮೇಲೆ ಉಜ್ಜಿದೆ.

ನೀನು ನಿನ್ನ ಸೇತುವೆ ಮುಗಿಸಿಕೊಂಡು ಬಾ. ಅವಸರವಿಲ್ಲ. ನಾವಿಬ್ಬರೂ ಇಲ್ಲೇ ಇರುತ್ತೇವೆ.

ನಿನ್ನ ಅಪ್ಪ